ಎರಡನೇ ಶನಿವಾರ, ನಾಲ್ಕು ಜನ, ಒಂದು ಹೊಸ ಹೋಟೆಲ್: ನೀವು ಹೇಗೆ ಆರಿಸುತ್ತೀರಿ?

ಗಿರಿನಗರದವಳು:

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಕಾಲೇಜಿನಿಂದ ಸ್ನೇಹಿತರು. ಈಗ ಒಬ್ಬೊಬ್ಬರು ಒಂದೊಂದು ದಿಕ್ಕು. ನಾನು ಗಿರಿನಗರ, ಒಬ್ಬಳು ಯಲಹಂಕ, ಒಬ್ಬ ವೈಟ್‌ಫೀಲ್ಡ್, ಇನ್ನೊಬ್ಬ ರಾಜರಾಜೇಶ್ವರಿ ನಗರ. ಯಲಹಂಕದವಳು ಬ್ಯಾಂಕಿನಲ್ಲಿದ್ದಾಳೆ. ಅವಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ರಜೆ. ಹಾಗಾಗಿ ತಿಂಗಳ ಎರಡನೇ ಶನಿವಾರ, ಭಾನುವಾರ ನಮ್ಮದು ಅಂತ ಎತ್ತಿಟ್ಟಿದ್ದೇವೆ. ನಾಲ್ವರಲ್ಲಿ ಯಾರೂ ಹೋಗಿರದ ಹೋಟೆಲ್‌ಗೆ ಹೋಗಬೇಕು, ಅದೊಂದೇ ಷರತ್ತು. ಮೊನ್ನೆ ತೆರೆದದ್ದೇ ಆಗಬೇಕಿಲ್ಲ. ನಮಗೆ ಹೊಸದಾದರೆ ಸಾಕು.

ಕಳೆದ ಸಲ ಶನಿವಾರ ಬೆಳಿಗ್ಗೆ, ಫೋನಿನಲ್ಲಿ ಎಲ್ಲರೂ ವಿಡಿಯೋ ಹಾಕುತ್ತಿರುವ ಒಂದು ಹೊಸ ಜಾಗಕ್ಕೆ ಹೋದೆವು. ಹೆಸರು ಬೇಡ. 50 ನಿಮಿಷ ಹೊರಗೆ ನಿಂತೆವು. ಒಳಗೆ ಹೋಗುವಷ್ಟರಲ್ಲಿ ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಹಸಿದಾಗ ಆರ್ಡರ್ ಮಾಡಿದರೆ ಏನಾಗುತ್ತದೆ ಗೊತ್ತಲ್ವಾ? ಒಬ್ಬೊಬ್ಬರೂ ಎರಡೆರಡು ಹೇಳಿದೆವು. ಎಂಟು ತಟ್ಟೆ ಒಟ್ಟಿಗೆ ಬಂತು. ಎಲ್ಲದರ ಮೇಲೂ ತುಪ್ಪ, ಎಲ್ಲದರ ಮೇಲೂ ಚಟ್ನಿಪುಡಿ. ನಾಲ್ಕನೇ ತುತ್ತಿಗೆ ಇಡ್ಲಿ ಯಾವುದು, ದೋಸೆ ಯಾವುದು ಅಂತ ನಾಲಿಗೆಗೆ ಗೊತ್ತಾಗಲಿಲ್ಲ. ಅರ್ಧ ಬಿಟ್ಟು ಎದ್ದೆವು. ಊಟ ಬಿಟ್ಟು ಏಳುವುದು ನಮ್ಮಮ್ಮ ಕಲಿಸಿದ್ದಲ್ಲ. ಮನೆಗೆ ಬಂದ ಮೇಲೂ ಅದೇ ಬೇಜಾರು. ಬಿಲ್ಲಿನಲ್ಲಿ 10% ಸರ್ವಿಸ್ ಚಾರ್ಜ್ ಬೇರೆ ಸೇರಿಸಿದ್ದರು.

ಭಾನುವಾರ ದೂರ ಹೋಗುವ ಮನಸ್ಸಿರಲಿಲ್ಲ. ನಮ್ಮ ಬಸ್ ಸ್ಟಾಪಿನ ಹಿಂದಿನ ಗಲ್ಲಿಯಲ್ಲಿ ಆರು ಮೇಜಿನ ಒಂದು ಹೋಟೆಲ್ ಇದೆ. ವರ್ಷಗಟ್ಟಲೆ ಅದರ ಮುಂದೆ ಓಡಾಡಿದ್ದೇನೆ, ಒಂದು ದಿನವೂ ಒಳಗೆ ಹೋಗಿರಲಿಲ್ಲ. ಆವತ್ತು ಹೋದೆವು. ನಾಲ್ಕು ಜನಕ್ಕೆ ಒಂದು ಪ್ಲೇಟ್ ಇಡ್ಲಿ, ಒಂದು ಖಾಲಿ ದೋಸೆ, ಎರಡು ಬೈಟು ಕಾಫಿ. ಅಷ್ಟೇ ಹೇಳಿದೆವು. ಇಡ್ಲಿ ಮುರಿದರೆ ಒಳಗಿಂದ ಹಬೆ ಬಂತು. ಚಟ್ನಿಯಲ್ಲಿ ಕಾಯಿಯ ಸಿಹಿ ಇನ್ನೂ ಇತ್ತು, ಆಗತಾನೇ ರುಬ್ಬಿದ್ದು. ನಾಲ್ಕು ಕೈಯೂ ಒಂದೇ ತಟ್ಟೆಯಲ್ಲಿ. ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಎರಡನೇ ಸುತ್ತು ಹೇಳಿದೆವು, ಆಮೇಲೆ ಮೂರನೆಯದು. ಎರಡು ಗಂಟೆ ಮಾತಾಡುತ್ತಾ ಕೂತೆವು. ಯಾರೂ ಏಳಿ ಅನ್ನಲಿಲ್ಲ.

ಆವತ್ತಿನಿಂದ ನನಗೆ ಅನ್ನಿಸುತ್ತಿರುವುದು ಇಷ್ಟು: ಹೊಸ ಹೋಟೆಲ್ ಅಂದರೆ ಮೊದಲು ಬೈಟು, ಆಮೇಲೆ ಆರ್ಡರ್. ಮೊದಲ ಸುತ್ತಿನಲ್ಲಿ ಅಲ್ಲಿಯ ಸಾದಾ ತಿಂಡಿ ಒಂದೊಂದೇ ತರಿಸಿ, ಎಲ್ಲರೂ ಹಂಚಿಕೊಂಡು ನೋಡಬೇಕು. ನೀವೆಲ್ಲ ಹೇಗೆ ಮಾಡುತ್ತೀರಿ? ಇನ್ನೊಂದು ಕಷ್ಟ ಇದೆ. ನಮ್ಮಲ್ಲಿ ಬ್ಯಾಂಕಿನವಳು ಸಸ್ಯಾಹಾರಿ. ವೈಟ್‌ಫೀಲ್ಡಿನವನು ಮಂಗಳೂರಿನವನು, ಮೀನಿಲ್ಲದೆ ಆಗದು. ಆರ್‌ಆರ್ ನಗರದವನು ಮಂಡ್ಯದವನು, ಶನಿವಾರ ಮಾಂಸ ಮುಟ್ಟುವುದಿಲ್ಲ, ಭಾನುವಾರ ಬಿಡುವುದಿಲ್ಲ. ನಾನು ಎಲ್ಲ ತಿನ್ನುತ್ತೇನೆ. ಈ ನಾಲ್ವರನ್ನು ಒಂದು ಮೇಜಿಗೆ ತರುವುದು ಹೇಗೆ?


ಶಂಕರಪುರದ ಹಳಬ:

ನೀವು ಹೇಳಿದ್ದು ನೂರಕ್ಕೆ ನೂರು ಸರಿ ಮೇಡಂ. ನಮ್ಮ ಮನೆಯಿಂದ ಬ್ರಾಹ್ಮಿನ್ಸ್ ಕಾಫಿ ಬಾರ್ ನಡೆದು ಹೋಗುವಷ್ಟು ಹತ್ತಿರ. 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಸಾಂಬಾರ್ ಕೂಡ ಇಲ್ಲ, ಬರೀ ಚಟ್ನಿ. ಚಟ್ನಿ ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು. ಮೊದಲ ಸಲ ಬಂದವರು ಸಾಂಬಾರ್ ಕೇಳುತ್ತಾರೆ. ಎರಡನೇ ಸಲ ಬಂದಾಗ ಕೇಳುವುದಿಲ್ಲ.

ಹೊಸ ಹೋಟೆಲ್‌ಗೆ ಹೋದಾಗ ನಾನು ಮೊದಲು ಮೆನು ಎಷ್ಟು ಉದ್ದ ಇದೆ ಅಂತ ನೋಡುತ್ತೇನೆ. ದೋಸೆಯೇ 60 ಬಗೆ, ಅದರ ಕೆಳಗೆ ನೂಡಲ್ಸ್, ಅದರ ಕೆಳಗೆ ಪಿಜ್ಜಾ ಅಂತಿದ್ದರೆ ಬರೀ ಕಾಫಿ ಕುಡಿದು ಎದ್ದು ಬರುತ್ತೇನೆ. ಒಂದು ಅಡುಗೆಮನೆ ಎಷ್ಟು ಕೆಲಸವನ್ನು ಚೆನ್ನಾಗಿ ಮಾಡಬಲ್ಲದು ಹೇಳಿ?

ಹಳೇ ಹೋಟೆಲ್ ಅಂತ ನಾವು ಹೇಳುವುದೆಲ್ಲ ಒಂದು ಕಾಲಕ್ಕೆ ಹೊಸದೇ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಶುರುವಾಗಿದ್ದು 1924ರಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿಗೆ ಬರ ಬಂತು. ಆಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ಇವತ್ತು ರವೆ ಇಡ್ಲಿ ಇಲ್ಲದ ಹೋಟೆಲ್ ಈ ಊರಿನಲ್ಲಿದೆಯಾ? ಹಾಗೇ ನಿಂತು ತಿನ್ನುವ ದರ್ಶಿನಿ. ಜಯನಗರದಲ್ಲಿ 1983ರಲ್ಲಿ ಕೆಫೆ ದರ್ಶಿನಿ ಬಂದಾಗ ನಮ್ಮ ತಂದೆ ಒಳಗೆ ಹೋಗಲು ಒಪ್ಪಿರಲಿಲ್ಲ. ಎಲೆ ಮುಂದೆ ಕೂತು ಉಣ್ಣುವ ಮನುಷ್ಯ, ನಿಂತುಕೊಂಡು ತಿನ್ನುವುದು ಹೇಗೆ ಅಂತ. ಆರು ತಿಂಗಳಾದ ಮೇಲೆ ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ಅಲ್ಲೇ ಕಾಫಿ ಕುಡಿಯುತ್ತಿದ್ದರು. ಹಾಗಾಗಿ ಹೊಸದು ಅಂತ ದೂರ ಮಾಡಬೇಡಿ. ಬೈಟು ಹೇಳಿ, ರುಚಿ ನೋಡಿ.


ಬಿಲ್ ಓದುವವ:

ಸರ್ವಿಸ್ ಚಾರ್ಜ್ ಬಗ್ಗೆ ಹೇಳುತ್ತೇನೆ. ಇದು ಎಲ್ಲರಿಗೂ ಗೊತ್ತಿರಬೇಕು.

ಹೋಟೆಲ್‌ನವರು ತಾವಾಗಿಯೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಬೇರೆ ಹೆಸರಿನಲ್ಲೂ ಸೇರಿಸುವಂತಿಲ್ಲ. ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಕೋರ್ಟು ಆ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಅಂದರೆ ಸರ್ವಿಸ್ ಚಾರ್ಜ್ ಕೊಡುವುದು ಬಿಡುವುದು ನಿಮ್ಮ ಇಷ್ಟ. ಬಿಲ್ ಕೈಗೆ ಬಂದ ತಕ್ಷಣ ಸಮಾಧಾನವಾಗಿ 'ಇದನ್ನು ತೆಗೆದು ಬೇರೆ ಬಿಲ್ ಕೊಡಿ' ಅನ್ನಿ. ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಜಿಎಸ್‌ಟಿ ಬೇರೆ. ಮಾಮೂಲಿ ಹೋಟೆಲ್‌ನಲ್ಲಿ 5% ಇರುತ್ತದೆ, ಅದನ್ನು ಕೊಡಲೇಬೇಕು. ಆದರೆ ಕಾಂಪೊಸಿಷನ್ ಸ್ಕೀಮಿನಲ್ಲಿರುವ, ಅಂದರೆ ವಹಿವಾಟಿನ ಮೇಲೆ ತಾವೇ ಕೈಯಿಂದ ತೆರಿಗೆ ಕಟ್ಟುವ ಸಣ್ಣ ಹೋಟೆಲ್‌ಗಳು ನಮ್ಮಿಂದ ಜಿಎಸ್‌ಟಿ ಅಂತ ವಸೂಲಿ ಮಾಡುವಂತಿಲ್ಲ. ಬಿಲ್ಲಿನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ (ಆಹಾರ ಸುರಕ್ಷತೆಯ ಲೈಸೆನ್ಸ್ ನಂಬರ್) ಇದೆಯಾ ಅಂತಲೂ ಒಂದು ಸಲ ಕಣ್ಣಾಡಿಸಿ.

ಸರ್ವಿಸ್ ಚಾರ್ಜ್ ತೆಗೆಸಿದ ಮೇಲೆ ಬಡಿಸಿದ ಹುಡುಗನ ಕೈಗೆ ನೀವೇ ಏನಾದರೂ ಕೊಡಿ. ನಾನು ಹಾಗೇ ಮಾಡುತ್ತೇನೆ. ಅವನಿಗೆ ಸೇರಬೇಕಾದದ್ದು ನೇರವಾಗಿ ಅವನಿಗೇ ಸೇರಲಿ.


ಗಿರಿನಗರದವಳು:

ತುಂಬಾ ಥ್ಯಾಂಕ್ಸ್. ನಾವು ಕೇಳಿದಾಗ ಮ್ಯಾನೇಜರ್ 'ಎಲ್ಲರೂ ಕೊಡುತ್ತಾರೆ' ಅಂದರು. ಸುಮ್ನೆ ಜಗಳ ಯಾಕೆ ಅಂತ ಕೊಟ್ಟು ಬಂದೆವು. ಇನ್ನು ಮೇಲೆ ಕೇಳುತ್ತೇನೆ.


ಮುದ್ದೆ ಪ್ರಿಯ, ನಾಗರಭಾವಿ:

ಅಕ್ಕ, ನಿಮ್ಮ ಮಂಡ್ಯದ ಗೆಳೆಯನ ಪರವಾಗಿ ನಾನು ಮಾತಾಡುತ್ತೇನೆ. ನಿಮ್ಮ ಕಷ್ಟಕ್ಕೆ ದಾರಿ ಅವನ ಪದ್ಧತಿಯಲ್ಲೇ ಇದೆ. ಶನಿವಾರ ಬೆಳಿಗ್ಗೆ ತಿಂಡಿ, ಪೂರ್ತಿ ಸಸ್ಯಾಹಾರ. ಭಾನುವಾರ ಮಧ್ಯಾಹ್ನ ಮಿಲಿಟರಿ ಹೋಟೆಲ್. ಬ್ಯಾಂಕಿನವರು ಭಾನುವಾರ ಮನೆಯಲ್ಲಿ ಆರಾಮಾಗಿ ಉಂಡು, ಸಂಜೆ ಕಾಫಿಗೆ ಬಂದು ಸೇರಲಿ. ನಮ್ಮ ಗುಂಪಿನಲ್ಲೂ ಹೀಗೇ ನಡೆಯುತ್ತದೆ, ಯಾರಿಗೂ ಬೇಸರ ಇಲ್ಲ.

ಮಿಲಿಟರಿ ಹೋಟೆಲ್‌ಗೆ ಹೊಸಬರು ಹೋಗುವುದಾದರೆ ಕೆಲವು ಮಾತು. ಬೇಗ ಹೋಗಿ. ಭಾನುವಾರ ಮಧ್ಯಾಹ್ನ ಎರಡೂವರೆಗೆ ಹೋದರೆ ಬೋಟಿ ಖಾಲಿ, ತಲೆಮಾಂಸ ಖಾಲಿ, ಚಾಪ್ಸ್ ಖಾಲಿ. ಕೂತ ತಕ್ಷಣ ಒಂದು ಮುದ್ದೆ, ಒಂದು ಸಾರು ತರಿಸಿ. ಮುದ್ದೆ ಬಿಸಿಯಾಗಿರಬೇಕು, ಮುರಿದರೆ ಒಳಗೆ ಹಿಟ್ಟಿನ ಗಂಟು ಕಾಣಬಾರದು, ಕೈಗೆ ಅಂಟಬಾರದು. ಸಾರಿನ ಮೇಲೆ ಎಣ್ಣೆ ಬೆರಳಷ್ಟು ದಪ್ಪ ತೇಲುತ್ತಿದ್ದರೆ ಅದು ನಿನ್ನೆಯದನ್ನು ಮುಚ್ಚಿಡುವ ಎಣ್ಣೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ನನ್ನ ನಾಲಿಗೆಯೂ ಅದನ್ನೇ ಹೇಳುತ್ತದೆ. ನಿಮ್ಮ ಮಂಗಳೂರಿನ ಗೆಳೆಯನಿಗೆ ಮುದ್ದೆ ನುಂಗುವುದು ಕಲಿಸಿ. ಅಗಿದರೆ ಹಲ್ಲಿಗೆ ಅಂಟಿ ಅವನಿಗೆ ಜನ್ಮಕ್ಕೆ ಬೇಡ ಅನ್ನಿಸಿಬಿಡುತ್ತದೆ. ಸಣ್ಣ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ನಾಲಿಗೆ ಮೇಲಿಟ್ಟು ಜಾರಿಸುವುದು.

ದೊನ್ನೆ ಬಿರಿಯಾನಿ ಹೊಸ ಹೊಸ ಅಂಗಡಿ ದಿನಾ ಬರುತ್ತಿವೆ. ಅಕ್ಕಿ ನೋಡಿ. ಜೀರಿಗೆ ಸಾಂಬಾ ಅಕ್ಕಿ ಸಣ್ಣದು, ಮಸಾಲೆ ಹೀರಿಕೊಳ್ಳುತ್ತದೆ. ಉದ್ದ ಅಕ್ಕಿ ಹಾಕಿ ಎಲೆಯ ದೊನ್ನೆಯಲ್ಲಿ ಕೊಟ್ಟ ಮಾತ್ರಕ್ಕೆ ದೊನ್ನೆ ಬಿರಿಯಾನಿ ಆಗುವುದಿಲ್ಲ. ಪುದೀನಾ, ಕೊತ್ತಂಬರಿಯ ಹಸಿರು ಬಣ್ಣ ಅನ್ನಕ್ಕೆ ಹಿಡಿದಿರಬೇಕು. ಇಲ್ಲೂ ನಿಮ್ಮ ಮಾತೇ. ಮೊದಲು ಬರೀ ಬಿರಿಯಾನಿ ರೈಸ್ ಒಂದು ದೊನ್ನೆ ತರಿಸಿ. ಅನ್ನ ಚೆನ್ನಾಗಿದ್ದರೆ ಮಾಂಸ ಹೇಳಿ.


ಹುಬ್ಬಳ್ಳಿ ಮಂದಿ, ಕಮ್ಮನಹಳ್ಳಿ:

ನಾ ಸ್ವಲ್ಪ ಬೇರೆ ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ಎಲ್ಲರೂ ಇಡ್ಲಿ, ಚಟ್ನಿ, ಮುದ್ದೆ ಅಂತಲೇ ಅಳೆಯುತ್ತಿದ್ದೀರಿ. ಇವು ನಮಗೆ ಹುಟ್ಟಿನಿಂದ ಗೊತ್ತಿರುವ ರುಚಿ. ಗೊತ್ತೇ ಇಲ್ಲದ ಊಟಕ್ಕೆ ಹೋದಾಗ ಏನು ಮಾಡುತ್ತೀರಿ? ನಮ್ಮ ಏರಿಯಾದಲ್ಲಿ ಟಿಬೆಟಿನ ನೂಡಲ್ಸ್ ಸೂಪ್ ತುಕ್ಪಾ ಸಿಗುತ್ತದೆ, ಈಶಾನ್ಯದವರ ಊಟ ಸಿಗುತ್ತದೆ, ಅರಬ್ಬರ ಊಟ ಸಿಗುತ್ತದೆ. ಬೆಂಗಳೂರಿನಲ್ಲಿದ್ದು ಇವನ್ನೆಲ್ಲ ತಿನ್ನದೆ, ಮತ್ತದೇ ಮಸಾಲೆ ದೋಸೆಗೆ ಕ್ಯೂ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ. ರಂಜಾನ್ ತಿಂಗಳಲ್ಲಿ ಫ್ರೇಜರ್ ಟೌನಿನ ಮಸೀದಿ ರಸ್ತೆಗೆ ಒಂದು ಸಂಜೆ ಹೋಗಿ ನೋಡಿ. ಗೋಧಿ, ಮಾಂಸದ ಹಲೀಮ್ ತಿರುವುವ ಕೈಗಳನ್ನು ನೋಡುತ್ತಾ ನಿಲ್ಲುವುದೇ ಒಂದು ಸಂತೋಷ.

ಮೊದಲ ಸಲ ಸ್ನೇಹಿತರ ಜೊತೆ ತುಕ್ಪಾ ತಿನ್ನಲು ಹೋದಾಗ ನಮಗೆ ಮೆನುವಿನ ಒಂದು ಅಕ್ಷರವೂ ಅರ್ಥವಾಗಲಿಲ್ಲ. ಬಡಿಸುವ ಹುಡುಗಿಯನ್ನು ಕೇಳಿದೆ: 'ನೀವು ಮಧ್ಯಾಹ್ನ ಏನು ಉಣ್ಣುತ್ತೀರಿ?' ಅವಳಿಗೆ ಖುಷಿಯಾಯಿತು. ಒಳಗೆ ಹೋಗಿ ಮೆನುವಿನಲ್ಲಿಲ್ಲದ ಒಂದು ಕೆಂಪು ಖಾರದ ಚಟ್ನಿ ತಂದು ಇಟ್ಟಳು. ತುಕ್ಪಾಕ್ಕೆ ಅರ್ಧ ಚಮಚ ಹಾಕಿದೆ. ನಮ್ಮ ಕಡೆ ರಂಜಕ ನೆನಪಾಯಿತು. ಅಲ್ಲಿಂದ ಮುಂದೆ ಯಾವ ಹೊಸ ಹೋಟೆಲ್‌ಗೆ ಹೋದರೂ ನಾನು ಕೇಳುವುದು ಅದೊಂದೇ ಪ್ರಶ್ನೆ.

ಅಂದ ಹಾಗೆ, ಬೆಂಗಳೂರಿನಲ್ಲಿ ಖಾನಾವಳಿ ಹುಡುಕುವವರಿಗೆ: ರೊಟ್ಟಿ ಬಡಿಯುವ ಸಪ್ಪಳ ಹೊರಗೆ ಕೇಳಿಸಿದರೆ ಒಳಗೆ ಹೋಗಿ.


ಗಿರಿನಗರದವಳು:

ನಿಮ್ಮ ಮಾತು ಒಪ್ಪಿದೆ ಅಣ್ಣ. ಸಾದಾ ಯಾವುದು ಅಂತ ನಮಗೆ ಗೊತ್ತಿಲ್ಲದ ಕಡೆ ಅಲ್ಲಿಯವರನ್ನೇ ಕೇಳಬೇಕು. ಇದು ನನಗೆ ಹೊಳೆದಿರಲಿಲ್ಲ. ಮುಂದಿನ ತಿಂಗಳು ಕಮ್ಮನಹಳ್ಳಿಗೇ ಬರುತ್ತೇವೆ.


ಕಲ್ಲಿನ ಮುಂದೆ ನಿಂತವನು:

ನಾನು ಕುಂದಾಪುರದ ಕಡೆಯವನು. ಬೆಂಗಳೂರಿನಲ್ಲಿ ಹೋಟೆಲ್ ಅಡುಗೆಮನೆಯಲ್ಲೇ ಜೀವನ. ಕ್ಲೀನರ್ ಆಗಿ ಸೇರಿ ಈಗ ದೋಸೆ ಕಲ್ಲಿನ ಮುಂದೆ ನಿಲ್ಲುತ್ತೇನೆ. ಒಳಗಿನಿಂದ ಕಾಣುವುದನ್ನು ಹೇಳುತ್ತೇನೆ.

ಶನಿವಾರ, ಭಾನುವಾರ ಹತ್ತು ಗಂಟೆ ಹೊತ್ತಿಗೆ ಬಂದು ಹೋಟೆಲ್ ಚೆನ್ನಾಗಿಲ್ಲ ಅಂತ ತೀರ್ಮಾನ ಮಾಡಬೇಡಿ. ಆ ಹೊತ್ತಿನಲ್ಲಿ ನನ್ನ ಮುಂದೆ ಟೋಕನ್ ಸಾಲು ಇರುತ್ತದೆ. ಒಂದು ದೋಸೆ ಸರಿಯಾಗಿ ಬರಬೇಕಾದರೆ ಕಲ್ಲಿನ ಬಿಸಿ ಸರಿ ಇರಬೇಕು. ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಆಮೇಲೆ ಹಿಟ್ಟು ಹುಯ್ಯಬೇಕು. ಜನ ಜಾಸ್ತಿ ಇದ್ದಾಗ ಒಂದರ ಪಕ್ಕ ಒಂದು ಹತ್ತು ದೋಸೆ ಒಟ್ಟಿಗೆ ಹುಯ್ಯುತ್ತೇವೆ. ಕಲ್ಲಿನ ನಡುವಿನದು ಕೆಂಪಗೆ ಬರುತ್ತದೆ, ಅಂಚಿನದು ಬೆಳ್ಳಗೆ ಉಳಿಯುತ್ತದೆ. ನಿಮ್ಮ ತಟ್ಟೆಗೆ ಯಾವುದು ಬಂತು ಅನ್ನುವುದು ಅದೃಷ್ಟ. ಅದೇ ಕೈ, ಅದೇ ಹಿಟ್ಟು.

ಹಿಟ್ಟಿನ ಕಥೆಯೂ ಹಾಗೇ. ಡಿಸೆಂಬರ್, ಜನವರಿ ಚಳಿಯಲ್ಲಿ ಈ ಊರಿನಲ್ಲಿ ಹಿಟ್ಟು ಹುಳಿ ಬರುವುದು ನಿಧಾನ. ರಾತ್ರಿ ಬೇಗ ರುಬ್ಬಿ ಬೆಚ್ಚಗಿನ ಕಡೆ ಇಡಬೇಕು. ವಾರಾಂತ್ಯಕ್ಕೆ ಎಷ್ಟು ಬೇಕು ಅಂತ ಅಂದಾಜು ತಪ್ಪಿದರೆ ಹನ್ನೊಂದು ಗಂಟೆಗೆ ಹಿಟ್ಟು ಮುಗಿಯುತ್ತದೆ. ಒಳ್ಳೆಯ ಮಾಲೀಕ ಆಗ 'ದೋಸೆ ಖಾಲಿ' ಅಂತ ಬೋರ್ಡ್ ಹಾಕುತ್ತಾನೆ. ಇನ್ನು ಕೆಲವರು ಹುಳಿ ಬರದ ಹಿಟ್ಟಿಗೆ ಸೋಡಾ ಹಾಕು ಅನ್ನುತ್ತಾರೆ. 'ಖಾಲಿ' ಅಂತ ಹೇಳುವ ಹೋಟೆಲ್ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ, ಮಾರನೇ ವಾರ ಅಲ್ಲಿಗೇ ಹೋಗಿ.

ಕಾಯಿ ಚಟ್ನಿ ಬೆಳಿಗ್ಗೆ ಆರಕ್ಕೆ ರುಬ್ಬಿದ್ದು ಹತ್ತಕ್ಕೆ ರುಚಿ ಬದಲಾಗಿರುತ್ತದೆ. ಬಟ್ಟಲಿನ ಅಂಚಿನಲ್ಲಿ ನೀರು ಬಿಟ್ಟಿದ್ದರೆ ಹಳೆಯದು ಅಂತಲೇ ಅರ್ಥ. ಹುರಿಗಡಲೆ ಜಾಸ್ತಿ ಹಾಕಿದರೆ ಗಟ್ಟಿಯಾಗಿ ಕಾಣುತ್ತದೆ, ಆದರೆ ಬಾಯಿಗೆ ಹಿಟ್ಟು ಹಿಟ್ಟು. ದಿನಕ್ಕೆ ಮೂರು ಸಲ ರುಬ್ಬುವ ಮಾಲೀಕನಿಗೆ ಖರ್ಚು ಜಾಸ್ತಿ, ಕೂಲಿಯೂ ಜಾಸ್ತಿ. ಆದ್ದರಿಂದ ಚಟ್ನಿ ನೋಡಿದರೆ ಮಾಲೀಕ ಯಾರು ಅಂತ ಗೊತ್ತಾಗುತ್ತದೆ.

ಇನ್ನೊಂದು. ಹೋಟೆಲ್ ತೆರೆದ ಮೊದಲ ತಿಂಗಳು ಮಾಲೀಕನೇ ಕ್ಯಾಶ್ ಕೌಂಟರಿನಲ್ಲಿ ಕೂತಿರುತ್ತಾನೆ, ಅನುಭವದ ಭಟ್ಟರನ್ನು ಕರೆಸಿರುತ್ತಾನೆ. ಮೂರು ತಿಂಗಳಾದ ಮೇಲೆ ಭಟ್ಟರು ಇದ್ದಾರೋ ಇಲ್ಲವೋ. ಹಾಗಾಗಿ ಒಂದು ಸಲ ವಾರಾಂತ್ಯದಲ್ಲಿ ಸ್ನೇಹಿತರ ಜೊತೆ, ಇನ್ನೊಂದು ಸಲ ಮಂಗಳವಾರ ಬುಧವಾರ ಒಬ್ಬರೇ ಹೋಗಿ ನೋಡಿ. ಆಗ ಒಂದು ಮಾತು ಬರೆಯಿರಿ. ಮೊದಲ ದಿನವೇ ಒಂದು ನಕ್ಷತ್ರ ಹಾಕಿ ಬರೆದುಬಿಟ್ಟರೆ, ಒಳಗೆ ನಾಲ್ಕು ಗಂಟೆಗೆ ಎದ್ದವರ ಹೊಟ್ಟೆ ಉರಿಯುತ್ತದೆ.


ಮಲ್ಲೇಶ್ವರದ ಮಗಳು:

ಮೇಲಿನವರು ಬರೆದದ್ದನ್ನು ಎರಡು ಸಲ ಓದಿದೆ. ಥ್ಯಾಂಕ್ಸ್ ಅಣ್ಣ.

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ನಮ್ಮ ಗುಂಪಿನಲ್ಲಿ ಒಬ್ಬಳಿಗೆ ಮಂಡಿ ನೋವು, ಇನ್ನೊಬ್ಬಳು ಕೈಗೂಸಿನ ತಾಯಿ. ಹೊಸ ಹೋಟೆಲ್ ಎಷ್ಟು ಚೆನ್ನಾಗಿದ್ದರೂ ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿದ್ದರೆ ನಮಗೆ ಅದು ಇಲ್ಲದ ಹಾಗೆ. ನಿಂತು ತಿನ್ನುವ ಕಡೆ ಮಗುವನ್ನು ಎತ್ತಿಕೊಂಡು ತಟ್ಟೆ ಹಿಡಿಯುವುದು ಹೇಗೆ? ಟಾಯ್ಲೆಟ್ ಕೇಳಿದರೆ 'ಹಿಂದುಗಡೆ' ಅನ್ನುತ್ತಾರೆ, ಹೋಗಿ ನೋಡಿದರೆ ಗ್ಯಾಸ್ ಸಿಲಿಂಡರ್ ಪೇರಿಸಿರುತ್ತಾರೆ. ಈಗ ನಾನು ಮೊದಲೇ ಫೋನ್ ಮಾಡಿ ಮೂರು ಪ್ರಶ್ನೆ ಕೇಳುತ್ತೇನೆ. ಕೂರಲು ಜಾಗ ಇದೆಯಾ, ಮೆಟ್ಟಿಲು ಎಷ್ಟು, ಹೆಂಗಸರಿಗೆ ಟಾಯ್ಲೆಟ್ ಇದೆಯಾ. ಕನ್ನಡದಲ್ಲೇ ಕೇಳುತ್ತೇನೆ. ಸಮಾಧಾನವಾಗಿ ಉತ್ತರ ಕೊಟ್ಟರೆ ಅರ್ಧ ಗೆದ್ದ ಹಾಗೆ.

ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್ ಹೋಟೆಲ್ ನಮಗೆ ಇಷ್ಟವಾಗಿದ್ದು ಇದೇ ಕಾರಣಕ್ಕೆ. ದೊಡ್ಡ ಮರದ ಕೆಳಗೆ ಕುರ್ಚಿ. ಮಗು ಅತ್ತರೂ ಯಾರೂ ತಿರುಗಿ ನೋಡುವುದಿಲ್ಲ.

ಗಿರಿನಗರದವರೇ, ನಿಮ್ಮ ಶನಿವಾರದ ತಿಂಡಿಗೆ ನಮ್ಮ ಕಡೆ ಬನ್ನಿ. ಮೆಟ್ರೋದ ಹಸಿರು ಮಾರ್ಗದಲ್ಲಿ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದರೆ ಮಲ್ಲೇಶ್ವರ ಅಲ್ಲೇ. ಮಾರ್ಗೋಸಾ ರಸ್ತೆಯಲ್ಲಿ ಸಿಟಿಆರ್ ಹೋಟೆಲ್‌ನ ಬೆಣ್ಣೆ ಮಸಾಲೆ ದೋಸೆ ಇದೆ. ಇನ್ನೂ ಮುಂದಕ್ಕೆ ಹೋದರೆ ವೀಣಾ ಸ್ಟೋರ್ಸ್, ಅಲ್ಲಿ ಇಡ್ಲಿ ಕೈಯಲ್ಲಿ ಹಿಡಿದು ಫುಟ್‌ಪಾತಿನಲ್ಲೇ ನಿಂತು ತಿನ್ನಬೇಕು. ನಾಲ್ವರಲ್ಲಿ ಯಾರೂ ಇವಕ್ಕೆ ಬಂದಿಲ್ಲ ಅಂದರೆ ನಿಮ್ಮ ಷರತ್ತಿಗೂ ಹೊಂದುತ್ತದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗುವುದಿದ್ದರೆ ಶುಕ್ರವಾರ ರಜೆ ಅನ್ನುವುದು ನೆನಪಿರಲಿ. 1943ರಿಂದ ಇರುವ ಜಾಗ. ಸಪ್ಲೈಯರ್ ಒಂದು ಕೈಯಲ್ಲಿ ತಟ್ಟೆಗಳ ಮೇಲೆ ತಟ್ಟೆ ಪೇರಿಸಿ ದೋಸೆ ತರುವುದನ್ನು ನೋಡಲಾದರೂ ಹೋಗಬೇಕು.


ವಿವಿ ಪುರಂ ಸಂಜೆ:

ಸಂಜೆ ತಿಂಡಿ ಬೀದಿಗೆ ಹೋಗುವವರಿಗೆ ಒಂದು ಮಾತು. ಸಜ್ಜನ್ ರಾವ್ ವೃತ್ತದ ಹತ್ತಿರ ಅಂಗಡಿ ಅಂಗಡಿಗೂ ಬೈಟು ಮಾಡುತ್ತಾ ಹೋಗುವುದೇ ಸರಿ. ಅವರೆಕಾಯಿ ಕಾಲದಲ್ಲಂತೂ ಬಿಡಲೇಬೇಡಿ. ಗೋಬಿ ಮಂಚೂರಿ ಕೆಂಪಗೆ ಹೊಳೆಯುತ್ತಿದ್ದರೆ ಮುಂದಕ್ಕೆ ನಡೆಯಿರಿ. ಆ ಕೃತಕ ಬಣ್ಣವನ್ನು ನಮ್ಮ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧ ಮಾಡಿದೆ. ಕಂದು ಬಣ್ಣದ ಗೋಬಿಯೇ ನಿಜವಾದ ಗೋಬಿ.


ಮಂಗಳೂರು ಹುಡುಗ, ವೈಟ್‌ಫೀಲ್ಡ್:

ಇಲ್ಲಿ ಹೇಳಿರುವ ಮೀನಿನ ಹುಡುಗ ನಾನೇ. ಬಿಲ್ ಹಂಚುವುದರ ಬಗ್ಗೆ ಹೇಳಲೇಬೇಕು. ಮೊದಲು ಬಿಲ್ ಬಂದಷ್ಟನ್ನೂ ನಾಲ್ಕು ಭಾಗ ಮಾಡುತ್ತಿದ್ದೆವು. ನಾನು ಅಂಜಲ್ ಫ್ರೈ ತಿಂದ ದಿನ, ಮೊಸರನ್ನ ತಿಂದ ಬ್ಯಾಂಕಿನವಳೂ ಅಷ್ಟೇ ಕೊಟ್ಟಳು. ಅವಳು ಏನೂ ಅನ್ನಲಿಲ್ಲ. ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಅವಳಿಗೆ ದುಡ್ಡು ಕಳಿಸಿದರೆ ವಾಪಸ್ ಕಳಿಸಿದಳು. ಈಗ ಮೀನು, ಮಾಂಸಕ್ಕೆ ಬೇರೆ ಬಿಲ್ ಮಾಡಿಸುತ್ತೇವೆ. ಕೂತ ತಕ್ಷಣ ಹೇಳಿದರೆ ಸಪ್ಲೈಯರ್‌ಗೂ ಸುಲಭ. ಮನಸ್ಸು ಹಗುರ.


ಗಿರಿನಗರದವಳು:

ಹೋಗಿ ಬಂದೆ, ಅದನ್ನು ಹೇಳಲು ಮತ್ತೆ ಬರೆಯುತ್ತಿದ್ದೇನೆ.

ಕಲ್ಲಿನ ಮುಂದೆ ನಿಂತ ಅಣ್ಣ ಹೇಳಿದ ಹಾಗೆ ಬುಧವಾರ ಒಬ್ಬಳೇ ಆ ಆರು ಮೇಜಿನ ಹೋಟೆಲ್‌ಗೆ ಹೋದೆ. ಹತ್ತೂವರೆ. ಬೇಕೆಂದೇ ತಡವಾಗಿ ಹೋದೆ. ಇಡ್ಲಿ ತಂದಿಟ್ಟ ಅಜ್ಜ ಚಟ್ನಿ ಬಟ್ಟಲು ಇಡಲಿಲ್ಲ. 'ಎರಡು ನಿಮಿಷ ಇರಮ್ಮ, ರುಬ್ಬುತ್ತಾ ಇದ್ದಾರೆ' ಅಂದರು. ಒಳಗೆ ಗ್ರೈಂಡರ್ ಸದ್ದು ಕೇಳುತ್ತಿತ್ತು. ಆಮೇಲೆ ಒಗ್ಗರಣೆ ಚಟಪಟ ಅಂದಿದ್ದು ಕೇಳಿತು. ಕರಿಬೇವಿನ ವಾಸನೆ ಮೊದಲು ಬಂತು, ಚಟ್ನಿ ಆಮೇಲೆ ಬಂತು. ಸಾಸಿವೆ ಇನ್ನೂ ಬಿಸಿ ಇತ್ತು.

ಹಿಂದಿನ ತಿಂಗಳು ಕೊಟ್ಟ ಸರ್ವಿಸ್ ಚಾರ್ಜ್ ವಾಪಸ್ ಸಿಕ್ಕಿಲ್ಲ. ಸಿಗುತ್ತದೆ ಅಂತ ನಾನು ಕಾಯುತ್ತಲೂ ಇಲ್ಲ.

ಈ ಶನಿವಾರ ಬೆಳಿಗ್ಗೆ 7ಕ್ಕೆ ನಾಲ್ವರೂ ಸಂಪಿಗೆ ರಸ್ತೆ ಮೆಟ್ರೋ ನಿಲ್ದಾಣದಲ್ಲಿ ಸೇರುತ್ತೇವೆ. ಮೊದಲು ವೀಣಾ ಸ್ಟೋರ್ಸ್‌ನಲ್ಲಿ ಒಂದು ಪ್ಲೇಟ್ ಇಡ್ಲಿ ನಾಲ್ವರಿಗೆ. ಭಾನುವಾರ ಮಧ್ಯಾಹ್ನ 12ಕ್ಕೆ ಮಿಲಿಟರಿ ಹೋಟೆಲ್, ಮಂಗಳೂರಿನವನಿಗೆ ಮುದ್ದೆ ಕಲಿಸಬೇಕು. ಮಲ್ಲೇಶ್ವರದ ಮಗಳೇ, ನೀವು ನಿಮ್ಮ ಗೆಳತಿಯರನ್ನೂ ಮಗುವನ್ನೂ ಕರೆದುಕೊಂಡು ಬನ್ನಿ. ಕೂರಲು ಜಾಗ ಇರುವ ಕಡೆ ಕಾಫಿ ಕುಡಿಯೋಣ. ಎಲ್ಲಿ ಅಂತ ನೀವೇ ಹೇಳಿ.